ಕೈಗಡಿಯಾರಕ್ಕೆ ಸಂಬಂಧ ಹುಡುಕಿದ ಮಾವನವರು

ಮನುಷ್ಯರ ಮುಖಕ್ಕಿಂತ ಮೊದಲು ಮಣಿಕಟ್ಟು ನೋಡುವವರು ಈ ನಿಲಂಗಾದಲ್ಲಿ ಒಬ್ಬರೇ: ನಮ್ಮ ಮಾವನವರು. ಅಂಥವರ ಮನೆಗೇ ಕೈಗಡಿಯಾರ ಕಟ್ಟಿಕೊಂಡು ಸೊಸೆಯಾಗಿ ಬಂದೆನಲ್ಲ, ನನ್ನ ಬುದ್ಧಿಗೆ ಏನೆನ್ನಲಿ!

ಆ ದಿನ ಬೆಳಗ್ಗೆಯೂ ಎಲ್ಲ ಎಂದಿನಂತೆಯೇ ಇತ್ತು. ಅಂಗಳಕ್ಕೆ ಸಗಣಿನೀರು ಹಾಕಿ ಬಂದಿದ್ದೆ. ಹಂಚಿನ ಮೇಲೆ ಜೋಳದ ರೊಟ್ಟಿ ಉಬ್ಬುತ್ತಿತ್ತು. ಮಾವನವರು ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ನನ್ನ ಗಡಿಯಾರವನ್ನು ಕಿವಿಗೆ ಹಿಡಿದು ಕೂತಿದ್ದರು. ಸತ್ತ ಗಡಿಯಾರ ಕಿವಿಯಲ್ಲಿ ಏನು ಹೇಳೀತು?

ಸತ್ತದ್ದಾದರೂ ಹೇಗೆ? ಕಾನ್ವೆಂಟಿನಲ್ಲಿ ಮೆಟ್ರಿಕ್ ಪಾಸಾದ ದಿನ ಅಪ್ಪ ತಾವೇ ನನ್ನ ಕೈಗೆ ಕಟ್ಟಿದ ಗಡಿಯಾರ ಅದು. ಅಪ್ಪ ಈಗಿಲ್ಲ. ಅವರದೆಂದು ನನ್ನ ಬಳಿ ಉಳಿದದ್ದು ಅದೊಂದೇ. ಕೊತ್ತಂಬರಿ ಕಾಳಿನಷ್ಟು ಕೀಲಿ, ಹುಣಸೆ ಬೀಜದಷ್ಟು ಮುಖ. ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ನಾನು ನೀರಿಗೆ ಹೋದಾಗ ಮಾವನವರು ಅದರ ಬೆನ್ನು ಬಿಚ್ಚಿ, ಬಂಡಿಯ ಅಚ್ಚಿಗೆ ಹಾಕಿದ ಹಾಗೆ ಕುಸುಬಿ ಎಣ್ಣೆ ಬಿಟ್ಟರು! ಆಮೇಲೆ ಎಣ್ಣೆ ತೆಗೆಯಲು ಸೂಜಿ ಹಾಕಿದರು. ಒಳಗೆ ಎಡಕ್ಕೂ ಬಲಕ್ಕೂ ಆಡುವ ಪುಟ್ಟ ಗಾಲಿಯ ಅಚ್ಚು ಮುರಿಯಿತು.

"ಯಾಕ ಬಿಚ್ಚಿದ್ರಿ ಮಾವಾರೆ?"

"ಒಳಗ ಭಾಳ ಸಪ್ಪಳ ಮಾಡ್ಲಾಕತ್ತಿತ್ತವ್ವಾ."

ಗಡಿಯಾರ ಟಿಕ್ ಟಿಕ್ ಅನ್ನದೆ ಮಂತ್ರ ಹೇಳಬೇಕಿತ್ತೇ?

ಅಂದಿನಿಂದ ಬಿಡಿಭಾಗದ ಬೇಟೆ. ನಮ್ಮ ತಾಲೂಕು ಮುಂಬಯಿ ರಾಜ್ಯಕ್ಕೆ ಸೇರಿದ ಹೊಸತು. "ಈಗ ಮುಂಬೈನೇ ನಮ್ದಾತಲ್ಲ, ಸಾಮಾನು ತಾನೇ ಬರ್ತದ" ಎಂದು ಕೆಲವು ದಿನ ಬಸ್ ಸ್ಟ್ಯಾಂಡಿನಲ್ಲಿ ಕಾದರು. ಬಂದವು, ನಾಯಿಕೊಡೆಯಂತೆ ಹೊಸ ರಾಜ್ಯದ ಬೋರ್ಡುಗಳು! ಸಾಮಾನು ಮಾತ್ರ ಬರಲಿಲ್ಲ.

ಗುಂಜೋಟಿಯ ಮದುವೆಯಲ್ಲಿ ಮದುಮಗನ ಕೈಯನ್ನೇ ಹಿಡಿದರು. ಹುಡುಗ ಆಶೀರ್ವಾದವೆಂದು ಬಾಸಿಂಗದ ತಲೆ ಬಗ್ಗಿಸಿದರೆ ಇವರು, "ತಮ್ಮಾ, ಹಿಂದಿನ ಮುಚ್ಚಳ ಜರಾ ತಗೀಲೇನು?" ಎಂದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಕೊನೆಗೆ ಅದೇ ಹೆಸರಿನ ಒಂದು ಹಳೆಯ ಗಡಿಯಾರ ಹಿಡಿದು ಉದಗೀರಿಗೆ ಹೋದರು. ಅಲ್ಲಿಯ ರಿಪೇರಿಯ ಚಾಚಾ ಎರಡನ್ನೂ ಬಿಚ್ಚಿ ನಕ್ಕರಂತೆ. "ಅರೇ ಮಾಲಕ್, ಮುಖದ ಮ್ಯಾಲಿನ ಹೆಸರು ನೋಡಿ ಏನ್ ಫಾಯದಾ? ಒಳಗಿನ ಮಷೀನಿನ ನಂಬರ ಕೂಡಬೇಕು." ಆ ನಂಬರನ್ನು ಪಂಚಾಕ್ಷರಿಯಂತೆ ಜಪಿಸುತ್ತ ಮಾವನವರು ಊರೂರು ತಿರುಗಿದರು. ಹಿಂದಿನ ದಿನ ಉಮರ್ಗಾದಲ್ಲಿ, ಕೋರ್ಟಿನ ಹಳೆಯ ಪೇಶಕಾರರ ಮನೆಯಲ್ಲಿ, ಅದೇ ನಂಬರಿನ ನಿಂತ ಗಡಿಯಾರವೊಂದು ಸಿಕ್ಕಿತ್ತು. ಅವರು ಒಯ್ಯಿರಿ ಎಂದೂ ಹೇಳಿದ್ದರು. ಮಾವನವರು ಬರಿಗೈಯಲ್ಲಿ ಬಂದಿದ್ದರು!

"ಯಾಕ ತರಲಿಲ್ರೀ?" ಆ ಬೆಳಗ್ಗೆ ರೊಟ್ಟಿ ಬಡಿಯುವುದನ್ನು ಬಿಟ್ಟು ಕೇಳಿದೆ.

"ನಂಬರ ಒಂದೇ ಅದ ಅಂದ್ರ ಎರಡೂದ್ದು ಬೆಡಗ ಒಂದೇ ಆತು. ಹ್ಯಾಂಗ ಕೂಡ್ಸಬೇಕು?"

ನಮ್ಮಲ್ಲಿ ಹೆಣ್ಣು ಕೇಳುವಾಗ ಮೊದಲು ವಂಶದ ಬೆಡಗು ವಿಚಾರಿಸುತ್ತಾರೆ. ಬೆಡಗು ಒಂದೇ ಆದರೆ ಅಣ್ಣ-ತಂಗಿ, ಸಂಬಂಧ ಕೂಡದು. ಸುತ್ತಲಿನ ಊರುಗಳಲ್ಲಿ ಈ ಲೆಕ್ಕ ಹೇಳುವ ಹಿರಿಯರು ಇವರೇ. ಆದರೆ ಗಡಿಯಾರಕ್ಕೂ ಬೆಡಗೇ!

"ಮಾವಾರೆ, ಅದಕ್ಕ ಲಗ್ನಾ ಮಾಡ್ಲಾಕತ್ತಿಲ್ರೀ, ಗಾಲಿ ಹಾಕ್ಲಾಕತ್ತೀವಿ! ನಮ್ಮಪ್ಪ ಕೊಟ್ಟದ್ದು ಅದೊಂದೇ ಇತ್ತು. ಅದನ್ನೂ ನೀವು ಇಡಲಿಲ್ಲ."

ಮದುವೆಯಾದ ಮೇಲೆ ನಾನು ಅವರೆದುರು ದನಿ ಎತ್ತಿದ್ದು ಅದೇ ಮೊದಲು. ಅವರು ತಟ್ಟೆಯ ರೊಟ್ಟಿಯನ್ನು ಎರಡಾಗಿ ಮಡಚಿದರು, ತಿನ್ನಲಿಲ್ಲ. ಗಡಿಯಾರವನ್ನು ಧೋತರದ ಚುಂಗಿನಲ್ಲಿ ಕಟ್ಟಿಕೊಂಡು ಹೊರಟುಹೋದರು. ಹೋಗಲಿ! ಇನ್ಯಾವ ಮದುಮಗನ ಕೈ ಹಿಡಿಯುತ್ತಾರೋ ಹಿಡಿಯಲಿ! ಹಂಚಿನ ರೊಟ್ಟಿ ಕರಿಯಾಗಿ ಹೋಯಿತು.

ದೀಪ ಹಚ್ಚುವ ಹೊತ್ತಾದರೂ ಅವರು ಬರಲಿಲ್ಲ. ಎರಡು ಸಲ ಬಾಗಿಲಿಗೆ ಹೋಗಿ ಬಂದೆ. ಆಗ ಪಕ್ಕದ ಮನೆಯ ಬೀರಮ್ಮ ಬಟ್ಟಲು ಹಿಡಿದು ಹೆಪ್ಪು ಕೇಳಲು ಬಂದಳು. ಕುರಿ ಸಾಕುವ ಆ ಮನೆಯವರು ನಮ್ಮ ಓಣಿಗೆ ಬಂದು ಹೆಚ್ಚು ದಿನಗಳಾಗಿರಲಿಲ್ಲ. ಉಮರ್ಗಾ ಸಂತೆಯಲ್ಲಿ ಕಂಬಳಿ ಮಾರಿ ಅದೇ ತಾನೇ ಬಂದಿದ್ದಳು.

"ನಿಮ್ಮ ಮಾವಾರು ಅಲ್ಲೇ ಅದಾರ್ರೀ, ಪೇಶಕಾರರ ಕಟ್ಟಿ ಮ್ಯಾಲ," ಎಂದಳು, ನಾನು ಹೆಪ್ಪು ಹಾಕಿಕೊಟ್ಟ ಬಟ್ಟಲ ಅಂಚಿಗೆ ಅಂಟಿದ ಮೊಸರನ್ನು ಬೆರಳಿನಿಂದ ಸವರುತ್ತ. "ಆ ಮನಿ ಮಂದಿ ಊರಿಗಿ ಹೋಗ್ಯಾರಂತ. ಬಸ್ಸು ಹೊಂಟದ, ಬರ್ರಿ ಅಂದ್ರ ಏಳವಲ್ರು. 'ಬೆಡಗ ಗಿಡಗ ಹಾಳಾಗ್ಲಿ, ನನ್ನ ಮಗಳ ಕಣ್ಣಾಗ ನೀರು ಬಂದಾವ, ಘಡಿ ಒಯ್ಯದೇ ಬರಂಗಿಲ್ಲ' ಅಂದ್ರು. ನಾ ಅವ್ರಿಗಿ ಒಬ್ಬನೇ ಮಗ ಅಂತ ತಿಳಕೊಂಡಿದ್ದೆ. ಆ ಮಗಳಿಗಿ ಯಾವ ಊರಿಗಿ ಕೊಟ್ಟೀರ್ರೀ ಅಕ್ಕಾ?"