ಬರೀ ಆವಿ ಅಂದರು ಭಾವ

ನಮ್ಮ ಭಾವ ಸಿಗರೇಟು ಬಿಟ್ಟರು. ಈ ಸಂಗತಿಯನ್ನು ಅವರೇ ನನಗೆ ಹೇಳಿದ್ದು. ಹೇಳುವಾಗ ಅವರ ಬಾಯಿಂದಲೂ ಮೂಗಿನಿಂದಲೂ ಬೆಳ್ಳನೆಯ ಹೊಗೆ ಬರುತ್ತಿತ್ತು. ಮಾವಿನ ಹಣ್ಣಿನ ವಾಸನೆಯ ಹೊಗೆ. ಇಂಥ ಮನುಷ್ಯನನ್ನು ಏನು ಮಾಡಬೇಕು, ನೀವೇ ಹೇಳಿ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೂಡಿಗೆರೆಯಲ್ಲಿ ಕಾಫಿ ಪುಡಿ ಅಂಗಡಿ ಇಟ್ಟಿದ್ದಾರೆ. ಬೀಜ ಹುರಿಯುವುದೂ ಅಲ್ಲೇ, ಪುಡಿ ಮಾಡುವುದೂ ಅಲ್ಲೇ. ವಯಸ್ಸು ಐವತ್ತಮೂರು, ಹಟ ಮಾತ್ರ ಐದು ವರ್ಷದ್ದು. ಮೂವತ್ತು ವರ್ಷ ಸಿಗರೇಟು ಸೇದಿದರು. ಅಕ್ಕ ಅತ್ತಳು, ನಾನು ಬೈದೆ, ಕೆಮ್ಮು ತಾನೇ ಬಂದು ಹೇಳಿತು. ಯಾರಿಗೂ ಜಗ್ಗಲಿಲ್ಲ. ಕೊನೆಗೆ ಹೋಂಸ್ಟೇಗೆ ಬಂದಿದ್ದ ಯಾವನೋ ಪ್ರವಾಸಿ, ಪುಡಿ ಕೊಳ್ಳಲು ಬಂದವನು, ಒಂದು ಇ-ಸಿಗರೇಟನ್ನು ಕೈಗಿತ್ತು ಹೋದ. ಅದಕ್ಕೆ ಒಂದೇ ದಿನದಲ್ಲಿ ಶರಣಾದರು.

ನೋಡಲು ಅದು ಮಕ್ಕಳ ಸ್ಕೆಚ್ ಪೆನ್ನಿನ ಹಾಗಿತ್ತು. ನೀಲಿ ಬಣ್ಣ, ತುದಿಯಲ್ಲೊಂದು ಪುಟ್ಟ ದೀಪ. ದಮ್ಮು ಎಳೆದರೆ ದೀಪ ಹತ್ತುತ್ತಿತ್ತು. ಮೊಬೈಲಿನ ಹಾಗೆ ಅದನ್ನೂ ಚಾರ್ಜಿಗೆ ಹಾಕುತ್ತಿದ್ದರು.

"ಇದು ಹೊಗೆ ಅಲ್ಲ ಮಾರಾಯ, ಬರೀ ಆವಿ," ಎಂದರು. "ಇಡ್ಲಿ ಪಾತ್ರೆಯಿಂದ ಬರಲ್ವಾ, ಹಂಗೆ."

"ಇಡ್ಲಿ ಪಾತ್ರೆಗೆ ಬಾಯಿ ಹಾಕಿ ಯಾರಾದ್ರೂ ಎಳೀತಾರಾ ಭಾವ?"

"ನಿಂಗೆ ಸೈನ್ಸ್ ಗೊತ್ತಿಲ್ಲ."

ನಾನು ಇಪ್ಪತ್ತು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೇನೆ.

"ಇದು ನಮ್ಮ ದೇಶದಲ್ಲಿ ಬ್ಯಾನ್ ಆಗಿದೆ, ಗೊತ್ತಾ ನಿಮಗೆ?" ಎಂದೆ. "ಮಾರೋದು ಬ್ಯಾನು, ಎಳಿಯೋದಲ್ಲ," ಎಂದು ವಕೀಲರ ಧಾಟಿಯಲ್ಲಿ ಹೇಳಿ ಇನ್ನೊಂದು ದಮ್ಮು ಎಳೆದರು. ನೀಲಿ ಮುಗಿದ ಮೇಲೆ ಹಸಿರು ಬಂತು, ಹಸಿರಿನ ನಂತರ ಕೆಂಪು. ಎಲ್ಲಿಂದ ತರಿಸುತ್ತಿದ್ದರೋ, ಹೇಳಲಿಲ್ಲ. ದ್ರಾಕ್ಷಿ, ಸ್ಟ್ರಾಬೆರಿ, ಬಬಲ್‌ಗಮ್. ನನಗೆ ಸಿಟ್ಟು ಬಂದದ್ದು ಆ ಬಬಲ್‌ಗಮ್ ನೋಡಿಯೇ. ಐವತ್ತು ದಾಟಿದ ಯಾವ ಗಂಡಸು ಬಬಲ್‌ಗಮ್ ರುಚಿಗೆ ಆಸೆಪಡುತ್ತಾನೆ? ಅದನ್ನು ಬೆರೆಸುವವನ ಕಣ್ಣು ಯಾರ ಮೇಲಿದೆ ಎಂದು ತಿಳಿಯಲು ಸೈನ್ಸ್ ಬೇಕಾಗಿಲ್ಲ.

ಒಮ್ಮೆ ಅಕ್ಕನ ಹರಕೆ ತೀರಿಸಲು ಎಲ್ಲರೂ ಬಸ್ಸಿನಲ್ಲಿ ಹೊರನಾಡಿಗೆ ಹೊರಟಿದ್ದೆವು. ಕೊಟ್ಟಿಗೆಹಾರ ದಾಟಿದ ಮೇಲೆ ಹಿಂದಿನ ಸೀಟಿನಿಂದ ಯಾರೋ "ಹೊಗೆ, ಹೊಗೆ" ಎಂದು ಕೂಗಿದರು. ಡ್ರೈವರ್ ಗಾಬರಿಯಾಗಿ ಬಸ್ಸು ನಿಲ್ಲಿಸಿದ. ಎಲ್ಲರೂ ಕೆಳಗಿಳಿದೆವು. ಕಂಡಕ್ಟರ್ ಬಗ್ಗಿ ಬಸ್ಸಿನಡಿ ನೋಡಿದ, ಡ್ರೈವರ್ ಇಂಜಿನ್ ತೆರೆದು ನೋಡಿದ. "ಇಂಜಿನ್ ಸುಟ್ರೆ ಇಷ್ಟು ಒಳ್ಳೆ ವಾಸ್ನೆ ಬರುತ್ತಾ ಮಗಾ?" ಎಂದು ಒಬ್ಬ ಅಜ್ಜಿ ಕೇಳಿದರು. ನಮ್ಮ ಭಾವ ಏನು ಮಾಡುತ್ತಿದ್ದರು ಗೊತ್ತೇ? ಕಂಡಕ್ಟರ್ ಪಕ್ಕದಲ್ಲಿ ಮಂಡಿಯೂರಿ, ಅವನಿಗಿಂತ ಶ್ರದ್ಧೆಯಿಂದ ಬಸ್ಸಿನಡಿ ಬೆಂಕಿ ಹುಡುಕುತ್ತಿದ್ದರು. ಕಳಸ ಬರುವವರೆಗೆ ಅಕ್ಕ ಅವರ ಜೊತೆ ಮಾತಾಡಲಿಲ್ಲ. ನಾನು ವಾಪಸು ಬರುವವರೆಗೂ ಆಡಲಿಲ್ಲ.

ಆಮೇಲೆ ಅಂಗಡಿಗೆ ದೂರುಗಳು ಬರತೊಡಗಿದವು. ಗೋಣಿಬೀಡಿನಿಂದ ಬಂದು ವರ್ಷಗಟ್ಟಲೆ ಪುಡಿ ಒಯ್ಯುತ್ತಿದ್ದ ಹಿರಿಯರೊಬ್ಬರು ಪೊಟ್ಟಣ ತಂದು ಕಟ್ಟೆಯ ಮೇಲಿಟ್ಟು, "ಸೀದು ಹೋಗಿದೆಯಲ್ರೀ, ಇದ್ದಿಲು ಕುಡಿದಂಗಾಯ್ತು," ಎಂದರು. ಭಾವ ಈ ವರ್ಷದ ಬೀಜವನ್ನು ಬೈದರು, ಹೊತ್ತಲ್ಲದ ಹೊತ್ತಿನಲ್ಲಿ ಬಂದ ಮಳೆಯನ್ನು ಬೈದರು, ಹುರಿಯುವ ಯಂತ್ರವನ್ನೂ ಬೈದರು. ಅದನ್ನು ತಯಾರಿಸಿದವನನ್ನು ಬೈಯಲು ಫೋನ್ ನಂಬರನ್ನೂ ಹುಡುಕಿದರು.

ಒಂದು ಭಾನುವಾರ ಬೆಳಿಗ್ಗೆ ನಾನು ಅಕ್ಕನ ಮನೆಗೆ ಹೋದೆ. ಭಾವ ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ಅಕ್ಕನ ಮಗಳು, ಸೆಕೆಂಡ್ ಪಿಯುಸಿ ಓದುವವಳು, ಹಿತ್ತಲಿನಿಂದ ಬಂದು ನನಗೆ ಕಾಫಿ ಕೊಟ್ಟಳು. ಲೋಟ ತೆಗೆದುಕೊಳ್ಳುವಾಗ ಅವಳ ದುಪಟ್ಟಾದಿಂದ ಮಾವಿನ ಹಣ್ಣಿನ ವಾಸನೆ ಬಂತು. ಮಾವಿನ ಕಾಲವಲ್ಲ ಅದು. ನಾನು ಅವಳ ಮುಖ ನೋಡಿದೆ. ಅವಳು ತಲೆ ತಗ್ಗಿಸಿದಳು.

"ಭಾವ, ನಿಮ್ಮ ಮಗಳ ಹತ್ರ ಏನು ವಾಸನೆ ಬರ್ತಿದೆ?"

ಅವರು ಮೂಗು ಅರಳಿಸಿ ನೋಡಿದರು. "ಏನೂ ಇಲ್ವಲ್ಲ ಮಾರಾಯ."

ಪಕ್ಕದ ಅಂಗಡಿಯವನು ಎಷ್ಟು ಚಿಕೋರಿ ಬೆರೆಸಿದ್ದಾನೆಂದು ರಸ್ತೆಯಲ್ಲಿ ನಿಂತೇ ಹೇಳುತ್ತಿದ್ದ ಮನುಷ್ಯ ಇವರು.

ಹುಡುಗಿ ಒಳಗೆ ಹೋಗಿ ಕಾಲೇಜಿನ ಚೀಲದಿಂದ ಗುಲಾಬಿ ಬಣ್ಣದ್ದೊಂದನ್ನು ತಂದು ನನ್ನ ಕೈಗಿಟ್ಟಳು. ಗೆಳತಿಯೊಬ್ಬಳು ಫೋನಿನಲ್ಲಿ ತರಿಸಿಕೊಟ್ಟದ್ದಂತೆ. ಮೊದಮೊದಲು ಬಣ್ಣ, ವಾಸನೆ, ನಾಲ್ಕು ಜನರೆದುರು ಹೊಗೆ ಬಿಡುವ ಮೋಜು. ಈಗ ಕ್ಲಾಸಿನಲ್ಲಿ ಕೂತರೆ ಮನಸ್ಸೆಲ್ಲ ಅದರ ಮೇಲೆಯೇ, ಓದಿದ್ದು ತಲೆಗೆ ಹತ್ತುವುದಿಲ್ಲ, ಬಿಡಲು ಆಗುತ್ತಿಲ್ಲ.

"ಯಾಕೆ ಶುರು ಮಾಡಿದೆ?" ಎಂದೆ.

"ಅಪ್ಪನೇ ಹೇಳ್ತಿದ್ರಲ್ಲ ಮಾವ, ಬರೀ ಆವಿ ಅಂತ."

ಅಂದು ನಾನು ಭಾವನವರನ್ನು ಬೈದ ಬೈಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಹೆಣ್ಣು ಕೊಟ್ಟ ಮನೆಯವನು, ವಯಸ್ಸಿನಲ್ಲಿ ಚಿಕ್ಕವನು ಎಂಬುದು ನನಗೂ ನೆನಪಿರಲಿಲ್ಲ, ಅವರೂ ನೆನಪಿಸಲಿಲ್ಲ. ನಾನು ದಣಿದು ನಿಲ್ಲಿಸಿದ ಮೇಲೆ ಮೆಲ್ಲಗೆ, "ನಂಗೆ ವಾಸ್ನೆ ಗೊತ್ತಾಗದೆ ಆರು ತಿಂಗಳಾಯ್ತು," ಎಂದರು. "ಅಂಗಡೀಲಿ ಗೊತ್ತಾದ್ರೆ ಹೆಂಗೆ ಅಂತ ಸುಮ್ನಿದ್ದೆ."

ಮಾರನೆಯ ದಿನ ಮೂವರೂ ಚಿಕ್ಕಮಗಳೂರಿಗೆ ಹೋದೆವು. ಪೇಷಂಟ್ ಯಾರು ಎಂದು ಡಾಕ್ಟರು ಕೇಳಿದಾಗ ಭಾವ ಮೊದಲು ತಮ್ಮನ್ನು ತೋರಿಸಿ, ಆಮೇಲೆ ಮಗಳನ್ನು ತೋರಿಸಿದರು. ಅವರ ಮೂಗು ಕೆಟ್ಟದ್ದು ಹಳೆಯ ಸಿಗರೇಟಿನಿಂದಲೋ ಈ ಹೊಸದರಿಂದಲೋ ಖಚಿತವಾಗಿ ಹೇಳಲಾಗದು, ಮರಳಬಹುದು, ಮರಳದೆಯೂ ಇರಬಹುದು ಎಂದರು ಡಾಕ್ಟರು. ಬೆಂಕಿ ಇಲ್ಲ ಎಂದ ಮಾತ್ರಕ್ಕೆ ಅಪಾಯ ಇಲ್ಲ ಎಂದಲ್ಲ, ಇದರಲ್ಲೂ ನಿಕೋಟಿನ್ ಇದೆ, ಎಳೆಯ ವಯಸ್ಸಿನವರನ್ನು ಬೇಗ ಹಿಡಿಯುತ್ತದೆ ಎಂದರು. ಬಿಡಿಸುವ ದಾರಿಯನ್ನು ಇಬ್ಬರಿಗೂ ಬರೆದುಕೊಟ್ಟರು. ಭಾವ ತಮ್ಮ ಮೂಗಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಇವಳದ್ದು ಪೂರ್ತಿ ಬಿಟ್ಟು ಹೋಗುತ್ತಲ್ವಾ ಸಾರ್?" ಎಂದು ಮೂರು ಸಲ ಕೇಳಿದರು.

ಸಿಟ್ಟು ನನಗೆ ಇಳಿದಿರಲಿಲ್ಲ. ತಿಂಗಳ ನಂತರ ಒಂದು ಸಂಜೆ ಅವರ ಜೇಬು ತಪಾಸಣೆ ಮಾಡಲೆಂದೇ ಅಂಗಡಿಗೆ ಹೋದೆ. ಬೀಜ ಹುರಿಯುತ್ತಿತ್ತು. ಕಾಲೇಜಿನಿಂದ ಬಂದ ಮಗಳು ಯಂತ್ರದ ಮುಂದೆ ಕಣ್ಣು ಮುಚ್ಚಿ ವಾಸನೆ ಹಿಡಿಯುತ್ತಿದ್ದಳು. ಭಾವ ಒಂದು ಹೆಜ್ಜೆ ಹಿಂದೆ ನಿಂತಿದ್ದರು.

"ಆಯ್ತಾ ಮಗಳೇ?"

"ಇನ್ನೂ ಸ್ವಲ್ಪ ಅಪ್ಪ."

ಅವರು ಕಾದರು. ಅವಳು ಹೂಂ ಎಂದ ಮೇಲೆಯೇ ಬೀಜ ಇಳಿಸಿದರು. ನಾನು ಜೇಬಿನ ವಿಷಯ ಎತ್ತಲಿಲ್ಲ. ಹೊರಡುವಾಗ ಪುಡಿಯ ಪೊಟ್ಟಣ ಕೈಗಿಟ್ಟು, ರಸ್ತೆಯವರೆಗೂ ಬಂದರು.

"ಕುಡಿದು ನೋಡು. ಚೆನ್ನಾಗಿಲ್ದಿದ್ರೆ ನಂಗೊಬ್ಬಂಗೇ ಹೇಳು. ಅವಳಿಗೆ ಹೇಳ್ಬೇಡ ಮಾರಾಯ."

ಮನೆಗೆ ಬಂದು ಕಾಫಿ ಮಾಡಿಸಿದೆ. ಸ್ವಲ್ಪ ಸೀದಿತ್ತು. ಎರಡು ಲೋಟ ಕುಡಿದೆ.