ಮದುವೆಗೆ ಬಂದ ಸಿಲಿಂಡರ್ ಹೆಡ್

ಕಾರಿನ ವಿಷಯದಲ್ಲಿ ನನಗೆ ಒಳ್ಳೆಯ ತಿಳುವಳಿಕೆ ಇದೆ ಎಂಬುದನ್ನು ಇಡೀ ಮಧುಗಿರಿಯಲ್ಲಿ ಮೊದಲು ಒಪ್ಪಿಕೊಂಡವನು ನಾನು. ನನ್ನ ನಂತರ ಬೇರೆ ಯಾರೂ ಒಪ್ಪಲಿಲ್ಲ, ಆ ಮಾತು ಬೇರೆ. ರೆಡಿಮೇಡ್ ಬಟ್ಟೆ ಅಂಗಡಿ ಇಟ್ಟುಕೊಂಡವರಿಗೆ ಇಂಜಿನ್ನಿನ ಗೊಡವೆ ಯಾಕೆ ಎಂದು ನನ್ನ ಹೆಂಡತಿ ಗಿರಿಜ ಆಗಾಗ ಕೇಳುತ್ತಿದ್ದಳು. ಅಂಗಿಗೆ ಕಾಲರ್ ಹೇಗೋ ಇಂಜಿನ್ನಿಗೆ ಹೆಡ್ ಹಾಗೆ, ಎರಡೂ ನೆಟ್ಟಗೆ ಕೂತರೆ ಮುಗಿಯಿತು ಎಂದು ನಾನು ಗಂಭೀರವಾಗಿ ಉತ್ತರ ಕೊಡುತ್ತಿದ್ದೆ.

ಗಿರಿಜಳ ತಮ್ಮ ಮಹೇಶ ಕೊರಟಗೆರೆಯಲ್ಲಿದ್ದಾನೆ. ಅವನ ಮಗಳು ಸುಮಾ ಪಿಯುಸಿ ಓದುವಾಗ ನಮ್ಮ ಮನೆಯಲ್ಲೇ ಇದ್ದವಳು. ನಮಗೆ ಹೆಣ್ಣುಮಕ್ಕಳಿಲ್ಲದ ಕೊರತೆಯನ್ನು ಆ ಎರಡು ವರ್ಷದಲ್ಲಿ ತುಂಬಿ, ಹೋಗುವಾಗ ಇನ್ನಷ್ಟು ದೊಡ್ಡದು ಮಾಡಿ ಹೋದವಳು. ಅವಳ ಮದುವೆ ಪಾವಗಡದ ಹುಡುಗನೊಂದಿಗೆ ನಿಶ್ಚಯವಾದಾಗ ನಾನು ಎಲ್ಲರೆದುರು ಘೋಷಿಸಿದೆ:

"ಮದುವೆ ಹೆಣ್ಣು ಛತ್ರಕ್ಕೆ ನನ್ನ ಕಾರಲ್ಲೇ ಬರಬೇಕು. ಬೇರೆ ಗಾಡಿ ಮಾಡಿದ್ರೆ ನಾನು ಮದುವೆಗೇ ಬರಲ್ಲ!"

ಪಾಪ, ಮಹೇಶ ಮಾತಾಡಿಟ್ಟಿದ್ದ ಟ್ಯಾಕ್ಸಿಯನ್ನು ಬೇಡವೆಂದ.

ಮದುವೆಗೆ ಕೆಲವೇ ದಿನಗಳಿದ್ದಾಗ ಗಿರಿಜಳೂ ನಾನೂ ದೊಡ್ಡೇರಿ ಕಡೆಯ ನೆಂಟರಿಗೆ ಲಗ್ನಪತ್ರಿಕೆ ಕೊಡಲು ಹೊರಟೆವು. ಅರ್ಧ ದಾರಿಯಲ್ಲಿ ಗಿರಿಜ ಸ್ಟೇರಿಂಗ್ ಕಡೆ ಬಗ್ಗಿ ನೋಡಿದಳು.

"ರೀ, ಆ ಮುಳ್ಳು ಕೆಂಪಿಗೆ ಬಂದಿದೆ."

"ಹೊರಗೆ ಬಿಸಿಲು ಜಾಸ್ತಿ ಕಣೇ. ಅದನ್ನ ತೋರಿಸ್ತಾ ಇದೆ."

ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹೊಗೆ ಎದ್ದಿತು.

"ಇದೂ ಬಿಸಿಲೇನ್ರೀ?" ಎಂದಳು.

ಇಂಥ ಹೊತ್ತಿನಲ್ಲಿ ಮಾತಿಗಿಂತ ಕೆಲಸ ಮುಖ್ಯ. ರಸ್ತೆ ಬದಿಯ ಅಂಗಡಿಗೆ ಓಡಿ, ಕೂಲ್‌ಡ್ರಿಂಕ್ ಬಾಟಲಿ ಮುಳುಗಿಸಿಟ್ಟಿದ್ದ ಐಸ್ ನೀರನ್ನು ಒಂದು ಬಕೆಟ್ ಬೇಡಿ ತಂದು, ಬಾನೆಟ್ ಎತ್ತಿ, ಕುದಿಯುತ್ತಿದ್ದ ಇಂಜಿನ್ ಮೇಲೆ ಪೂರ್ತಿ ಸುರಿದೆ. ಒಳಗಿನಿಂದ 'ಟಣ್' ಎಂದು ಸದ್ದು ಬಂತು.

"ಏನ್ರೀ ಅದು?"

"ತಣ್ಣಗಾಯ್ತು ಅಂತ ಹೇಳ್ತಿದೆ."

ಆಮೇಲೆ ಅದು ಏನನ್ನೂ ಹೇಳಲಿಲ್ಲ. ಟ್ರ್ಯಾಕ್ಟರ್ ಹಿಂದೆ ಹಗ್ಗ ಕಟ್ಟಿಸಿಕೊಂಡು ಮಧುಗಿರಿಗೆ ಬಂದೆವು. ಮೆಕ್ಯಾನಿಕ್ ಬಶೀರ್ ಇಂಜಿನ್ ಬಿಚ್ಚಿ, ಮೇಲಿನ ಭಾಗವನ್ನು ಹೊರತೆಗೆದು, ಕೂದಲೆಳೆಯಂಥ ಒಂದು ಬಿರುಕನ್ನು ತೋರಿಸಿದ.

"ಹೆಡ್ ಸೀಳ್ಬುಟ್ಟದೆ ಸಾರ್. ಕಾದ ಇಂಜಿನ್ ಮ್ಯಾಲೆ ತಣ್ಣೀರು ಹುಯ್ದೋರು ಯಾರು?"

"ದಾರೀಲಿ ಯಾರೋ ಪುಣ್ಯಾತ್ಮರು ಸಹಾಯ ಮಾಡಿದ್ರು" ಎಂದೆ.

"ಆ ಪುಣ್ಯಾತ್ಮರೂ ನಿಮ್ಮ ಹಾಗೇ ಕನ್ನಡಕ ಹಾಕಿದ್ರು" ಎಂದಳು ಗಿರಿಜ.

ಹೊಸ ಹೆಡ್ ತರಿಸಿದರೆ ಮದುವೆಯ ಹೊತ್ತಿಗೆ ಬರುವುದಿಲ್ಲ. ಶಿರಾದ ಗುಜರಿ ಅಂಗಡಿಯಲ್ಲಿ ಹಳೆಯ ಕಾರಿನದು ಸಿಗಬಹುದು ಎಂದ ಬಶೀರ್. ತಾನೇ ಹೋಗಿ ತರುತ್ತೇನೆಂದೂ ಹೇಳಿದ. ನಾನು ಬಿಡಬೇಕಲ್ಲ!

"ನೀನು ಇಲ್ಲಿ ಕೆಲಸ ನೋಡಪ್ಪ. ನಾನು ತರ್ತೀನಿ."

"ಅಂಗಾದ್ರೆ ಈ ಹಳೇದನ್ನ ತಗೊಂಡೋಗಿ ಸಾರ್. ಪಕ್ಕದಲ್ಲಿಟ್ಟು ನೋಡ್ಕಂಡು ತನ್ನಿ."

ನನಗೆ ನಗು ಬಂತು. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಅವನ ಅಂಗಿಯ ಸೈಜ್ ಹೇಳುವ ಕಣ್ಣು ನನ್ನದು. ಒಂದು ಹೆಡ್ಡಿಗೆ ಅಳತೆ ಹೊತ್ತುಕೊಂಡು ಹೋಗುವುದೇ? ಕೈಬೀಸಿಕೊಂಡು ಶಿರಾಕ್ಕೆ ಹೋದೆ. ಅಲ್ಲಿನ ಗುಜರಿ ಅಂಗಡಿಯ ಅಮ್ಜದ್ ಭಾಯ್ ನಾಲ್ಕಾರು ಹೆಡ್‌ಗಳನ್ನು ಸಾಲಾಗಿ ಇಟ್ಟು, "ನಿಮ್ಮ ಗಾಡಿದು ಯಾವ್ದು ನೋಡ್ಕೊಳಿ ಸಾಬ್" ಎಂದರು. ಎಲ್ಲಕ್ಕಿಂತ ಚೊಕ್ಕಟವಾಗಿ ಹೊಳೆಯುತ್ತಿದ್ದುದನ್ನು ಆರಿಸಿದೆ. ಅವರು ಅದನ್ನು ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿಕೊಟ್ಟರು.

ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಪಕ್ಕದಲ್ಲಿ ಮದಲೂರು ಕಡೆಯ ಅಜ್ಜಿಯೊಬ್ಬರು, ಹೆಗಲ ಮೇಲೆ ಕಂಬಳಿ.

"ಏನಪ್ಪಾ ಅದು, ಅಂಗೆ ತಬ್ಕಂಡಿದ್ದೀಯಾ?"

"ಹೆಡ್ ಕಣಜ್ಜಿ. ಅಂದ್ರೆ ತಲೆ."

"ತಲೇನಾ? ಕುರೀದೋ ಮೇಕೇದೋ?"

"ಕಾರಿಂದು."

ಬಸ್ಸಿನ ಸದ್ದಿನಲ್ಲಿ ಅಜ್ಜಿಗೆ ಏನು ಕೇಳಿಸಿತೋ. "ಯಾವುದಾದ್ರೇನು, ಚೆನ್ನಾಗಿ ಸುಡ್ಬೇಕು ಕಣಪ್ಪ. ಕೂದ್ಲು ಉಳಕಂಡ್ರೆ ಸಾರು ಕೆಡ್ತದೆ" ಎಂದರು. ಮಧುಗಿರಿ ಬರುವವರೆಗೆ ಮಸಾಲೆ ಅರೆಯುವ ಕ್ರಮವನ್ನೂ ವಿವರಿಸಿದರು. ನನ್ನನ್ನು ನಂಬಿ ಯಾರಾದರೂ ಇಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಕೇಳಿಸಿಕೊಂಡೆ.

ಬಶೀರ್ ಚೀಲ ಬಿಚ್ಚಿ ನೋಡಿದ. ಇಂಜಿನ್ ನೋಡಿದ. ನನ್ನನ್ನು ನೋಡಿದ.

"ಸಾರ್, ನಿಮ್ದು ನಾಕು ಸಿಲಿಂಡರ್ ಗಾಡಿ. ಇದು ಮೂರರದ್ದು."

"ಅಂದ್ರೆ ಒಂದು ಸೈಜ್ ಕಮ್ಮಿ?"

"ಅಂಗೇ ಅಂದ್ಕಳಿ."

"ಸ್ವಲ್ಪ ಎಳೆದು ಕೂರಿಸೋಕಾಗಲ್ವಾ?"

ಬಶೀರ್ ಟೀ ಕುಡಿದು ಬರುತ್ತೇನೆಂದು ಹೋದವನು ಬಹಳ ಹೊತ್ತು ಬರಲಿಲ್ಲ. ಅಂಗಡಿಯ ಹಿಂದಿನಿಂದ ನಗು ಕೇಳಿಸುತ್ತಿತ್ತು.

ಮರುದಿನ ಮಧ್ಯಾಹ್ನವೇ ಸುಮಾಳನ್ನು ಕೊರಟಗೆರೆಯಿಂದ ಕರೆದುಕೊಂಡು ಹೊರಡಬೇಕು, ಸಂಜೆ ಪಾವಗಡದಲ್ಲಿ ಆರತಕ್ಷತೆ. ಬೆಳಗಿನ ಮೊದಲ ಬಸ್ಸಿಗೇ ಒಡೆದ ಹೆಡ್ ಒಂದು ಚೀಲದಲ್ಲಿ, ಚಿಕ್ಕ ಹೆಡ್ ಇನ್ನೊಂದು ಚೀಲದಲ್ಲಿ ಹಾಕಿಕೊಂಡು ಶಿರಾಕ್ಕೆ ಹೋದೆ. ಗುಜರಿ ಅಂಗಡಿಗೆ ಬೀಗ. ಅಮ್ಜದ್ ಭಾಯ್ ಕೂಡ ಯಾವುದೋ ಮದುವೆಗೆ ಹೋಗಿದ್ದರು. ಆ ಬಾಗಿಲ ಮುಂದೆ ಎರಡು ಚೀಲಗಳ ನಡುವೆ ಕೂತಾಗ ಮೊದಲ ಬಾರಿಗೆ ನನಗೆ ಭಯವಾಯಿತು. ಮಹೇಶ ಬೇರೆ ಗಾಡಿ ಮಾಡಿರಲಿಲ್ಲ. ನನ್ನ ಮಾತನ್ನು ನಂಬಿದ್ದ.

ಭಾಯ್ ಬಂದು, ಅಳತೆ ನೋಡಿ, ಆ ಎರಡನ್ನೂ ತಾವೇ ಇಟ್ಟುಕೊಂಡು ಸರಿಯಾದ ಹೆಡ್ ಕೊಡುವಷ್ಟರಲ್ಲಿ ಮಧ್ಯಾಹ್ನ. ಗಿರಿಜಳ ಫೋನ್ ಬಂತು.

"ಎಲ್ಲಿದ್ದೀರಿ?"

"ಶಿರಾದಲ್ಲಿ. ಸರಿಯಾದ್ದು ಸಿಕ್ತು ಕಣೇ!"

"ಇಟ್ಕೊಳ್ಳಿ. ಸುಮಾ ಅಡುಗೆಯವರ ಟೆಂಪೋ ಹತ್ತಿ ಹೊರಟಳು. ಕೊಪ್ಪರಿಗೆ, ಸೌಟು, ಮದುವೆ ಹೆಣ್ಣು, ಎಲ್ಲಾ ಒಟ್ಟಿಗೆ ಹೋಯ್ತು. ನೀವು ಅಲ್ಲಿಂದಲೇ ನೇರ ಪಾವಗಡಕ್ಕೆ ಬನ್ನಿ."

ಮಡಕಶಿರಾ ಮೇಲೆ ಹೋಗುವ ಬಸ್ ಹಿಡಿದೆ. ಸಂಜೆ ಛತ್ರದ ಬಾಗಿಲಲ್ಲಿ ಇಳಿದಾಗ ನನ್ನ ಬಿಳಿ ಅಂಗಿಯ ಹೊಟ್ಟೆಯ ಮೇಲೆ ಕಪ್ಪು ಎಣ್ಣೆಯ ದೊಡ್ಡ ಮಚ್ಚೆ, ತೋಳಿನಲ್ಲಿ ಮೂಟೆ. ಗಂಡಿನ ಕಡೆಯ ಇಬ್ಬರು ಓಡಿ ಬಂದರು.

"ಹುಡುಗಿ ಮಾವನೋರಲ್ವಾ? ಅಯ್ಯೋ, ನೀವ್ಯಾಕೆ ಹೊತ್ಕಂಡ್ರಿ, ಬುಡಿ ಬುಡಿ" ಎಂದು ಮೂಟೆಯನ್ನು ಕಿತ್ತುಕೊಂಡು, ನಾನು ಬೇಡ ಬೇಡವೆನ್ನುತ್ತಿದ್ದರೂ, ಮರ್ಯಾದೆಯಿಂದ ನೇರವಾಗಿ ವೇದಿಕೆಗೆ ಒಯ್ದರು. ಉಡುಗೊರೆ ಎಂದುಕೊಂಡಿದ್ದರು. ಬಹಳ ಭಾರವಾದ ಉಡುಗೊರೆ!

ಎಲ್ಲರೆದುರು ಚೀಲ ಬಿಚ್ಚಿದರು. ಗಂಡಿನ ತಂದೆ ಹತ್ತಿರ ಬಂದು ಬಗ್ಗಿ ನೋಡಿದರು.

"ಏಮಿ ಇದಿ? ಏನ್ಸಾರ್ ಇದು?"

"ಯಂತ್ರ" ಎಂದೆ.

ಅವರು ಕೈಮುಗಿದರು. "ಬಾಗ್ಲಿಗೆ ಕಟ್ಟೋದಾ, ದೇವ್ರ ಕೋಣೇಲಿ ಇಡೋದಾ?"

ಸುಮಾ ರೇಷ್ಮೆ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಾನು ತಲೆ ತಗ್ಗಿಸಿಕೊಂಡು ಅವಳ ಬಳಿ ಹೋದೆ.

"ತಪ್ಪಾಯ್ತಮ್ಮ. ಟೆಂಪೋದಲ್ಲಿ ಬರೋ ಹಾಗೆ ಮಾಡಿಬಿಟ್ಟೆ."

"ಬಿಡಿ ಮಾವ. ಡ್ರೈವರ್ ಪಕ್ಕ ಎತ್ತರದ ಸೀಟು. ದಾರಿ ಪೂರ್ತಿ ಬೆಟ್ಟ ನೋಡ್ಕೊಂಡು ಬಂದೆ. ನಿಮ್ಮ ಕಾರಲ್ಲಾಗಿದ್ರೆ ಇಂಜಿನ್ ಹೇಗೆ ಓಡುತ್ತೆ ಅಂತ ಕೇಳಿಸ್ಕೋಬೇಕಿತ್ತು."

ಅವಳು ನಗುತ್ತಲೇ ತನ್ನ ಕರ್ಚೀಫಿನಿಂದ ನನ್ನ ಕೆನ್ನೆಯ ಮೇಲಿದ್ದ ಗ್ರೀಸ್ ಒರೆಸಿದಳು. ಫೋಟೋದವನು ಅದನ್ನೇ ಹೊಡೆದುಕೊಂಡ. ಮದುವೆ ಚೆನ್ನಾಗಿ ನಡೆಯಿತು.

ಆ ಹೆಡ್ಡನ್ನು ಆಮೇಲೆ ಬಶೀರ್ ಕೂರಿಸಿದ, ಕಾರು ಈಗ ತಣ್ಣಗೆ ಓಡುತ್ತಿದೆ. ಅದರಲ್ಲಿ ನನ್ನ ಪಾತ್ರ ಏನೂ ಇಲ್ಲವಾದ್ದರಿಂದ ಹೆಚ್ಚು ಹೇಳುವುದಿಲ್ಲ. ಹೇಳಬೇಕಾದದ್ದು ಮದುವೆ ಮುಗಿಸಿ ಮಧುಗಿರಿಗೆ ಹಿಂದಿರುಗಿದ ಬಸ್ಸಿನ ಸಂಗತಿ.

ಗಿರಿಜ ಮುಂದಿನ ಸೀಟಿನಲ್ಲಿ ಕೂತಳು. ನಾನು ಮೂಟೆಯೊಂದಿಗೆ ಹಿಂದೆ. ಹಾಕಿಕೊಳ್ಳಲು ಬೇರೆ ಅಂಗಿ ಇರಲಿಲ್ಲ, ಬಟ್ಟೆ ಅಂಗಡಿಯವನಿಗೆ! ಕಂಡಕ್ಟರ್ ನನ್ನ ಕಡೆ ಬೆರಳು ತೋರಿಸಿ ಅವಳನ್ನು ಕೇಳಿದ.

"ಅವ್ರು ನಿಮ್ಮೋರೇನಮ್ಮ?"

ಗಿರಿಜ ತಿರುಗಿ, ನನ್ನನ್ನು ಸಾವಕಾಶವಾಗಿ ನೋಡಿದಳು.

"ಅಲ್ಲಪ್ಪ. ಯಾರೋ ಗುಜರಿಯವರು ಇರಬೇಕು."

ನನಗೂ ಮೂಟೆಗೂ ನಾನೇ ಟಿಕೆಟ್ ತೆಗೆದುಕೊಂಡೆ. ಕಂಡಕ್ಟರ್ ಚಿಲ್ಲರೆ ಕೊಡುತ್ತಾ ಬಗ್ಗಿ, ಮೆಲ್ಲಗೆ ಕೇಳಿದ:

"ನಮ್ಮನೇಲಿ ಒಂದು ಹಳೇ ಬ್ಯಾಟ್ರಿ ಐತಣ್ಣ. ತಗಂತೀಯಾ?"

ಯಾವಾಗ ಬಂದು ನೋಡಲಿ ಎಂದು ಕೇಳಿದೆ. ಇನ್ನೇನು ಕೇಳಲಿ!