ಸಕ್ಕರೆ ಇಳಿದ ಮೇಲೆ ಆಪರೇಷನ್

ನಾನು ಕೋಲಾರದ ಒಂದು ಆಸ್ಪತ್ರೆಯಲ್ಲಿ ನರ್ಸು. ಸಕ್ಕರೆ ಕಾಯಿಲೆಯವರಿಗೆ ಆಪರೇಷನ್ ಮಾಡಬೇಕಾದರೆ ಮೊದಲು ಸಕ್ಕರೆ ಹಿಡಿತಕ್ಕೆ ಬರಬೇಕು. ಇಲ್ಲದಿದ್ದರೆ ಗಾಯ ಮಾಯುವುದಿಲ್ಲ, ಕೀವಾಗುತ್ತದೆ. ಅದಕ್ಕೇ ನಾನು ಹೊತ್ತು ಹೊತ್ತಿಗೆ ಅವರ ಬೆರಳು ಚುಚ್ಚಿ ನೋಡುತ್ತಿರುತ್ತೇನೆ. ಎಲ್ಲರೂ ಹೆದರಿ ಕೂತಿರುವ ಜಾಗ ಅದು. ಅಲ್ಲಿಗೂ ನಗು ಹೇಗೋ ನುಸುಳಿಬಿಡುತ್ತದೆ.

ಮಾಲೂರಿನ ಅಜ್ಜಿ

ಪಿತ್ತಕೋಶದಲ್ಲಿ ಕಲ್ಲು. "ನಾಳೆ ಬೆಳಿಗ್ಗೆ ಆಪರೇಷನ್, ಉಪವಾಸ ಇರಿ ಅಜ್ಜಿ" ಅಂದಿದ್ದೆ. ಬೆಳಿಗ್ಗೆ ನೋಡಿದರೆ ಸಕ್ಕರೆ ಏರಿ ಕೂತಿದೆ.

"ಏನಾದ್ರೂ ತಿಂದ್ರಾ?"

"ಶಿವಶಿವಾ! ಅನ್ನ ಮುಟ್ಟಿಲ್ಲ ಕಣಮ್ಮ. ಬಾಳೆಹಣ್ಣು, ಬೆಲ್ಲದ ಅವಲಕ್ಕಿ, ಒಂದು ಲೋಟ ಹಾಲು, ಅಷ್ಟೇ."

ಆಪರೇಷನ್ ಮುಂದಕ್ಕೆ ಹೋಯಿತು. ಅಜ್ಜಿಗೆ ನನ್ನ ಮೇಲೇ ಸಿಟ್ಟು. "ಉಪವಾಸ ಇರು ಅಂದೆ, ಇದ್ದೆ. ಖಾಲಿ ಹೊಟ್ಟೇಲಿರು ಅಂತ ಯಾವಾಗ ಹೇಳ್ದೆ?"

ಶ್ರೀನಿವಾಸಪುರದ ತೋಟದವರು

ಅವರ ಕಾಲಿನ ಹೆಬ್ಬೆರಳು ಕೊಳೆಯುತ್ತಿತ್ತು. ಬೇಗ ತೆಗೆಯದಿದ್ದರೆ ಪಾದವೇ ಹೋಗುವ ಭಯ. ಅಂತೂ ಸಕ್ಕರೆ ಇಳಿದು ಆಪರೇಷನ್‌ಗೆ ದಿನ ಗೊತ್ತಾಯಿತು. ಹಿಂದಿನ ದಿನ ಮಧ್ಯಾಹ್ನ ಬೆರಳು ಚುಚ್ಚಿದರೆ ನಾನೂರು ದಾಟಿದೆ! ಡಾಕ್ಟರು ರೇಗಿದರು.

"ಮಕ್ಕಳಾಣೆ ಸಾರ್, ನಾನೇನೂ ತಿಂದಿಲ್ಲ" ಅಂತ ಅವರು ಕಣ್ಣೀರು ಹಾಕಿದರು.

ಅವರ ಕೈಯಿಂದ ಮಾವಿನಹಣ್ಣಿನ ವಾಸನೆ ಘಮ್ಮೆನ್ನುತ್ತಿತ್ತು. ಸೋಪು ಹಾಕಿ ಕೈ ತೊಳೆಸಿ ಮತ್ತೆ ಚುಚ್ಚಿದೆ. ನೂರೈವತ್ತು. ಊಟ ಬಿಟ್ಟು ಅಳುತ್ತಿದ್ದ ಹೆಂಡತಿಗೆ ಹಣ್ಣು ಸುಲಿದು ಕೊಟ್ಟಿದ್ದರಂತೆ. ಆ ರಸ ಬೆರಳಿಗೆ ಮೆತ್ತಿತ್ತು.

"ನೋಡಿ ಸಾರ್," ಅಂದರು ಕಣ್ಣೊರೆಸಿಕೊಂಡು, "ಹಣ್ಣು ತಿಂದಿದ್ದು ಅವಳು, ಸಕ್ಕರೆ ಬಂದಿದ್ದು ನನಗೆ!"

ನಂಗಲಿಯ ಟೀ ಅಂಗಡಿಯವರು

ಹರ್ನಿಯಾ ಆಪರೇಷನ್‌ಗೆ ಬಂದಿದ್ದರು. ಬಹಳ ಸಿಡುಕು ಮನುಷ್ಯ. ಹೆಂಡತಿಯನ್ನು ಕರೆಯುವುದೇ "ಏಯ್" ಅಂತ. ಆಕೆ ಮಾತ್ರ ಮಂಚದ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ.

ಆಪರೇಷನ್ ದಿನ ಹೆದ್ದಾರಿಯಿಂದ ಅಪಘಾತದ ಕೇಸು ಬಂತು, ಇವರ ಸರದಿ ತಡವಾಯಿತು. ಖಾಲಿ ಹೊಟ್ಟೆ, ಮೈಯಲ್ಲಿ ಸಕ್ಕರೆ ಇಳಿಸುವ ಇನ್ಸುಲಿನ್. ಇದ್ದಕ್ಕಿದ್ದಂತೆ ಆಕೆ ಕೂಗಿಕೊಂಡರು: "ಸಿಸ್ಟರ್, ಓಡಿ ಬನ್ನಿ! ಇವ್ರಿಗೇನೋ ಆಗೋಯ್ತು!"

ಓಡಿದೆ. ಅವರು ಬೆವರಿನಲ್ಲಿ ತೊಯ್ದು ಹೋಗಿದ್ದರು. ಹೆಂಡತಿಯ ಕೈ ಹಿಡಿದು ತೆಲುಗು, ಕನ್ನಡ ಬೆರೆಸಿ ತೊದಲುತ್ತಿದ್ದರು: "ನಾ ಬಂಗಾರಂ... ನನ್ ಚಿನ್ನ... ನೀನಿಲ್ದಿದ್ರೆ ನಾನ್ ಯಾರೇ..."

"ಮದುವೆ ಆದಾಗಿಂದ ಒಂದಿನಾನೂ ಹಿಂಗ್ ಮಾತಾಡಿಲ್ಲ ಸಿಸ್ಟರ್! ಪ್ರಾಣ ಹೋಗೋ ಮುಂಚೆ ಹಿಂಗಾಡ್ತಾರಾ?"

ಚುಚ್ಚಿ ನೋಡಿದೆ. ಸಕ್ಕರೆ ನಲವತ್ತಕ್ಕೆ ಕುಸಿದಿತ್ತು. ಸಕ್ಕರೆ ಅಷ್ಟು ಇಳಿದರೆ ಮನುಷ್ಯ ಹೀಗೇ ಏನೇನೋ ಮಾತಾಡುತ್ತಾನೆ. ಡಾಕ್ಟರು ಬಂದು ನರಕ್ಕೆ ಗ್ಲೂಕೋಸ್ ಕೊಡಿಸಿದರು. ಸ್ವಲ್ಪ ಹೊತ್ತಿಗೆ ಅವರು ಚೇತರಿಸಿಕೊಂಡು, ಹಿಡಿದಿದ್ದ ಕೈ ನೋಡಿ ಬಿಟ್ಟುಬಿಟ್ಟರು. "ಏಯ್, ಯಾಕೆ ಅಳ್ತೀಯ? ಆಚೆ ನಿಂತ್ಕೊ."

ಆಪರೇಷನ್ ಮಾರನೆಯ ದಿನ ಸುಸೂತ್ರವಾಗಿ ಆಯಿತು. ಮನೆಗೆ ಹೊರಟಾಗ ಆಕೆಗೆ ತಿಳಿಸಿ ಹೇಳಿದೆ: "ಬೆವರು, ನಡುಕ, ತೊದಲು ಮಾತು ಕಂಡರೆ ತಕ್ಷಣ ಸಕ್ಕರೆ ನೀರು ಕುಡಿಸಿ."

ಆಕೆ ಗಂಡ ಆಚೆ ಹೋಗುವವರೆಗೆ ಕಾದು, ಸೆರಗು ಬಾಯಿಗೆ ಅಡ್ಡ ಹಿಡಿದು ಮೆಲ್ಲಗೆ ಕೇಳಿದರು:

"ತಕ್ಷಣಾನೇ ಕೊಡ್ಬೇಕಾ ಸಿಸ್ಟರ್? ಒಂಚೂರು ಮಾತಾಡಿಸ್ಕೊಂಡು ಆಮೇಲೆ ಕೊಟ್ರೆ ಆಗಲ್ವಾ?"